ಬ್ಯಾನ್‌ಬರಿಯ ಕಬ್ಬಿಣದಂಗಡಿ, ಅದರ ಉದ್ರಿ ಪುಸ್ತಕ

ಅಟ್ಟದ ಏಣಿ ಹತ್ತಿದವಳು ನಾನು. ಕೆಳಗೆ ಏಣಿ ಹಿಡಿದು ನಿಂತಿದ್ದವರು ಎಪ್ಪತ್ತೆಂಟು ವರ್ಷದ ಅಂಗಡಿ ಮಾಲೀಕರು. ಮೇಲೆ ತಲೆ ತೂರಿಸಿದ ಕೂಡಲೇ ಅಗಸೆ ಎಣ್ಣೆ, ಸೀಮೆಎಣ್ಣೆ, ಗ್ರೀಸು, ಹಳೇ ಗೋಣಿ ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಬಡಿಯಿತು. ದಾವಣಗೆರೆಯಲ್ಲಿ ನಮ್ಮಪ್ಪನ ಕಬ್ಬಿಣದಂಗಡಿಯ ಗೋದಾಮಿಗೆ ಹೋದರೂ ಇದೇ ವಾಸನೆ. ಒಂದು ಗಳಿಗೆ ಏಣಿಯ ಮೇಲೆಯೇ ನಿಂತುಬಿಟ್ಟೆ. "ಏನಾದರೂ ಇದೆಯಾ ಅಲ್ಲಿ?" ಎಂದು ಕೆಳಗಿನಿಂದ ಕೇಳಿದರು. ಇತ್ತು. ಮೂಲೆಯಲ್ಲಿ ಹಳೆಯ ಚಹಾ ಪೆಟ್ಟಿಗೆಗಳು, ಪೆಟ್ಟಿಗೆಗಳ ತುಂಬ ಲೆಕ್ಕದ ಪುಸ್ತಕಗಳು.

ಅಂಗಡಿ ಮುಚ್ಚುವುದೆಂದು ಅಷ್ಟರಲ್ಲಾಗಲೇ ತೀರ್ಮಾನವಾಗಿತ್ತು. ಮಕ್ಕಳಿಬ್ಬರೂ ಬೇರೆ ಕಸುಬು ಹಿಡಿದಿದ್ದರು. ಮಾಲು ಖಾಲಿ ಮಾಡಿ, ಕಾಗದಗಳನ್ನು ಕಸದ ಗಾಡಿಗೆ ಹಾಕಿ ಬೀಗದ ಕೈ ಕೊಟ್ಟುಬಿಡುವುದೆಂದು ಮಾಲೀಕರು ಲೆಕ್ಕ ಹಾಕಿದ್ದರು. ಕಾಗದ ಎಸೆಯಬೇಡಿ ಎಂದು ಹಟ ಹಿಡಿದವಳು ನಾನು. ಹಾಗಾದರೆ ಅದರ ಕೆಲಸವೂ ನಿನ್ನದೇ ಎಂದರು. ಒಪ್ಪಿಕೊಂಡೆ. ಮುಂದಿನ ಎಂಟು ತಿಂಗಳು ಶನಿವಾರ, ಭಾನುವಾರಗಳೆಲ್ಲ ಅದಕ್ಕೇ ಹೋದವು.

ಬ್ಯಾನ್‌ಬರಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್ ಜಿಲ್ಲೆಯ ಉತ್ತರ ತುದಿಯ ಊರು. 1778ರಲ್ಲಿ ಇಲ್ಲಿಗೆ ಕಾಲುವೆ ಬಂತು, ಅದರ ಮೇಲೆ ಕವೆಂಟ್ರಿ ಕಡೆಯ ಕಲ್ಲಿದ್ದಲು ಬಂತು. 1850ರಲ್ಲಿ ರೈಲು ಬಂತು. ಊರ ನಡುವಿನ ಶಿಲುಬೆಯ ಕಂಬವನ್ನು ಹೊರಗಿನವರು ತುಂಬ ಹಳೆಯದೆಂದುಕೊಳ್ಳುತ್ತಾರೆ. ಹಳೆಯದನ್ನು 1600ರಲ್ಲೇ ಪ್ಯೂರಿಟನ್ನರು ಕೆಡವಿದ್ದರು, ಈಗ ನಿಂತಿರುವುದು 1859ರದು. ಊರಿನ ದೊಡ್ಡ ಕಾರ್ಖಾನೆ ಬೆಳೆದದ್ದೂ ಕಬ್ಬಿಣದಿಂದಲೇ. ಜೇಮ್ಸ್ ಗಾರ್ಡ್ನರ್ ಎಂಬುವರು ಇಲ್ಲಿ ದನಕ್ಕೆ ಹಾಕುವ ಟರ್ನಿಪ್ ಗೆಡ್ಡೆ ಹೆಚ್ಚುವ ಯಂತ್ರ ಮಾಡುತ್ತಿದ್ದರು. 1840ರ ದಶಕದ ಕೊನೆಗೆ ಅವರ ಕಾರ್ಖಾನೆಯನ್ನು ಬರ್ನ್‌ಹಾರ್ಡ್ ಸ್ಯಾಮ್ಯುಯೆಲ್‌ಸನ್ ಕೊಂಡು ಕೊಯ್ಲಿನ ಯಂತ್ರಗಳ ದೊಡ್ಡ ಕಾರ್ಖಾನೆಯಾಗಿ ಬೆಳೆಸಿದರು. ಬ್ರಿಟಾನಿಯಾ ವರ್ಕ್ಸ್ ಎಂದು ಅದರ ಹೆಸರು. ಮುಂದೆ ಸ್ಯಾಮ್ಯುಯೆಲ್‌ಸನ್ ಈ ಊರಿನಿಂದಲೇ ಪಾರ್ಲಿಮೆಂಟಿಗೂ ಆರಿಸಿ ಹೋದರು.

ನಾನು ಈ ಊರಿಗೆ ಬಂದದ್ದು ಗಂಡನ ಕೆಲಸಕ್ಕಾಗಿ. ಅಂಗಡಿಯ ಪರಿಚಯವಾದದ್ದು ಒಂದು ಸ್ಕ್ರೂವಿನಿಂದ. ಅಡುಗೆಮನೆಯ ಕಪಾಟಿನ ಬಾಗಿಲು ಕಳಚಿತ್ತು. "ಎಂಟನೇ ನಂಬರು, ಒಂದೂವರೆ ಇಂಚು, ಚಪ್ಪಟೆ ತಲೆ, ಒಂದು ಡಜನ್ ಕೊಡಿ" ಎಂದೆ. ಮಾಲೀಕರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಈಗ ಗಿರಾಕಿಗಳು ಫೋನಿನಲ್ಲಿ ಚಿತ್ರ ತೋರಿಸುತ್ತಾರೆ, ನಂಬರು ಹೇಳಿ ಕೇಳುವವರು ಇಲ್ಲವೇ ಇಲ್ಲ ಎಂದರು. ನಮ್ಮಪ್ಪನದೂ ಇದೇ ಅಂಗಡಿ ಎಂದೆ. ಎರಡು ವಾರಕ್ಕೆ ಶನಿವಾರದ ಕೆಲಸ ಸಿಕ್ಕಿತು.

ಇಂಥ ಅಂಗಡಿಯವರನ್ನು ಇಂಗ್ಲಿಷರು ಐರನ್‌ಮಾಂಗರ್ ಎನ್ನುತ್ತಾರೆ. ಹಳೆಯ ಕಸುಬು ಅದು. ಲಂಡನ್ನಿನ ಐರನ್‌ಮಾಂಗರುಗಳ ಸಂಘಕ್ಕೆ ರಾಜನ ಸನ್ನದು ಸಿಕ್ಕಿದ್ದೇ 1463ರಲ್ಲಿ. ಮೊಳೆ, ಬೀಗ, ಚಿಲಕ, ಸನಿಕೆ, ಬಕೆಟ್ಟು, ಲಾಟೀನು, ಒಲೆಯ ಜಾಲರಿ, ಹಗ್ಗ, ಸೀಮೆಎಣ್ಣೆ, ಮನೆಗೂ ಹೊಲಕ್ಕೂ ಬೇಕಾದ್ದೆಲ್ಲ ಒಂದೇ ಕಡೆ. ನಮ್ಮ ಅಂಗಡಿಯ ಒಂದು ಗೋಡೆಯ ತುಂಬ ಮರದ ಸಣ್ಣ ಖಾನೆಗಳು. ಯಾವ ಖಾನೆಯಲ್ಲಿ ಏನಿದೆಯೋ ಅದರದೇ ಒಂದು ನಮೂನೆಯನ್ನು ಖಾನೆಯ ಮುಖಕ್ಕೆ ಬಡಿದಿದ್ದರು. ಕೊಕ್ಕೆಯಿದ್ದರೆ ಕೊಕ್ಕೆ, ಕೀಲಿದ್ದರೆ ಕೀಲು. ಓದು ಬಾರದ ಹುಡುಗನೂ ಮಾಲು ತೆಗೆದುಕೊಡಬಹುದಿತ್ತು.

ಹೊರಗಿನ ಫಲಕದ ಮೇಲೆ ಮನೆತನದ ಹೆಸರು, ಅದರ ಕೆಳಗೆ "ಸ್ಥಾಪನೆ 1839". ಮಾಲೀಕರ ಮುತ್ತಜ್ಜನ ತಂದೆ ಆ ವರ್ಷ ಅಂಗಡಿ ತೆರೆದರೆಂದು ಮನೆಯಲ್ಲಿ ಹೇಳಿಕೊಂಡು ಬಂದ ಮಾತು. ನನ್ನ ಕೆಲಸ ಶುರುವಾದದ್ದು ಅಲ್ಲಿಂದ.

ಊರಿನ ಗ್ರಂಥಾಲಯದಲ್ಲಿ ಮೊದಲು ನೋಡಿದ್ದು ರಶರ್ ಪಟ್ಟಿಗಳನ್ನು. ರಶರ್ ಎಂಬ ಮುದ್ರಕರ ಮನೆತನ ಬ್ಯಾನ್‌ಬರಿಯ ವ್ಯಾಪಾರಿಗಳ ಪಟ್ಟಿಯನ್ನು ವರ್ಷವರ್ಷವೂ ಅಚ್ಚು ಹಾಕುತ್ತಿತ್ತು. ಇಷ್ಟು ಸಣ್ಣ ಊರಿಗೆ ಅಂಥ ಪಟ್ಟಿ ಇರುವುದು ಭಾಗ್ಯ. ಬೇರೆ ಊರಿನವರು ಕೆಲಿ, ಪಿಗಟ್ ಡೈರೆಕ್ಟರಿಗಳನ್ನು ನಂಬಬೇಕು, ಅವು ನಾಲ್ಕೈದು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ರಶರ್ ಪಟ್ಟಿಯಲ್ಲಿ ಯಾವ ಹಳ್ಳಿಯ ಗಾಡಿಯವನು ವಾರದ ಯಾವ ದಿನ ಬಂದು ಯಾವ ಛತ್ರದಲ್ಲಿ ಇಳಿಯುತ್ತಾನೆ ಎಂಬುದೂ ಇರುತ್ತದೆ. 1839ರ ಸುಮಾರಿನ ಪಟ್ಟಿಗಳಲ್ಲಿ ನಮ್ಮ ಬೀದಿಯಲ್ಲಿ ಐರನ್‌ಮಾಂಗರ್ ಒಬ್ಬರಿದ್ದರು. ಆದರೆ ಹೆಸರು ಬೇರೆ.

ತಪ್ಪು ನೋಡಿದೆನೇನೋ ಎಂದು ಮೂರು ಸಲ ನೋಡಿದೆ. ಆಮೇಲೆ ಜನಗಣತಿಗೆ ಹೋದೆ. ಇಂಗ್ಲೆಂಡಿನಲ್ಲಿ ಪ್ರತಿಯೊಬ್ಬರ ಹೆಸರಿನ ಸಮೇತ ಉಳಿದು ಬಂದ ಮೊದಲ ದೊಡ್ಡ ಗಣತಿ 1841ರದು. ಅದರಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದು ಇಲ್ಲ. ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿರುತ್ತಾರೆ, ಇಪ್ಪತ್ತನಾಲ್ಕಾದರೆ ಇಪ್ಪತ್ತು. ಗೊತ್ತಿಲ್ಲದೆ ಓದಿದರೆ ಹುಟ್ಟಿದ ವರ್ಷವೆಲ್ಲ ಏರುಪೇರು. ಆ ಇನ್ನೊಂದು ಹೆಸರಿನ ವ್ಯಾಪಾರಿಯ ಮನೆಯಲ್ಲಿ, ಹೆಂಡತಿ ಮಕ್ಕಳ ಹೆಸರುಗಳ ಕೆಳಗೆ, ನಮ್ಮ ಮಾಲೀಕರ ಮುತ್ತಜ್ಜನ ತಂದೆಯ ಹೆಸರು ಸಿಕ್ಕಿತು. ವಯಸ್ಸು ಹದಿನೈದು. ಪಕ್ಕದಲ್ಲಿ ಅಪ್ರೆಂಟಿಸ್ ಎಂಬುದರ ಎರಡಕ್ಷರದ ಗುರುತು. 1851ರ ಗಣತಿಯಲ್ಲಿ ಅದೇ ಮನೆ, ಅದೇ ಹೆಸರು, ಈಗ ಅಂಗಡಿ ಸಹಾಯಕ. ಮುಂದೆ ಕೆಲವು ವರ್ಷಕ್ಕೆ ರಶರ್ ಪಟ್ಟಿಯಲ್ಲಿ ಹಳೆಯ ಯಜಮಾನರ ಹೆಸರು ಹೋಗಿ ಅವನ ಹೆಸರು ಬಂತು. ಅಂದರೆ 1839 ಅಂಗಡಿಯ ವರ್ಷ, ಮನೆತನದ ವರ್ಷವಲ್ಲ. ಹದಿಮೂರೋ ಹದಿನಾಲ್ಕೋ ವರ್ಷದ ಹುಡುಗನಾಗಿ ಅವನು ಆ ಅಂಗಡಿಯ ಕಸ ಗುಡಿಸಲು ಬಂದದ್ದು ಸರಿಸುಮಾರು ಅದೇ ಕಾಲಕ್ಕೆ.

ಇದನ್ನು ಮಾಲೀಕರಿಗೆ ಹೇಗೆ ಹೇಳುವುದೆಂದು ಒಂದು ವಾರ ನಿದ್ದೆಗೆಟ್ಟೆ. ಎಂಬತ್ತರ ಹತ್ತಿರದವರು, ಹುಟ್ಟಿದಾಗಿನಿಂದ ನೋಡಿದ ಫಲಕ. ಕೊನೆಗೆ ಗಣತಿಯ ಪುಟದ ನಕಲನ್ನೇ ಕೌಂಟರಿನ ಮೇಲಿಟ್ಟೆ. ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಕೆಲಸ ಕಲಿಸಿದವರು ಇವರು" ಎಂದು ಆ ಹಳೆಯ ಯಜಮಾನರ ಹೆಸರಿನ ಮೇಲೆ ಬೆರಳು ಇಟ್ಟರು. "ನಮ್ಮ ಮನೆಯಲ್ಲಿ ಯಾರೂ ಈ ಹೆಸರು ಎತ್ತಿದ್ದನ್ನು ನಾನು ಕೇಳಿಲ್ಲ. ಇವರಿಂದಲೇ ಶುರು ಮಾಡು."

ಇನ್ನು ಪುಸ್ತಕಗಳು. ಪುಟ ತಿರುವುವ ಮೊದಲು ಅವನ್ನು ಉಳಿಸಬೇಕಿತ್ತು. ಹಳೆಯ ಚರ್ಮದ ಬೆನ್ನು ಮುಟ್ಟಿದರೆ ಪುಡಿ ಉದುರುತ್ತಿತ್ತು, ಅಂಗೈ ತುಂಬ ಕುಂಕುಮದಂಥ ಬಣ್ಣ. ಇದಕ್ಕೆ ಇಲ್ಲಿಯವರು ಕೆಂಪು ಕೊಳೆ ಎನ್ನುತ್ತಾರೆ, ಹತ್ತೊಂಬತ್ತನೇ ಶತಮಾನದ ತೊಗಲಿಗೆ ಬರುವ ರೋಗ. ಬಿಡಿ ರಸೀದಿಗಳಿಗೆ ಚುಚ್ಚಿದ್ದ ಗುಂಡುಪಿನ್ನುಗಳು ತುಕ್ಕು ಹಿಡಿದು ಕಾಗದವನ್ನೇ ತಿಂದಿದ್ದವು. ಅವನ್ನು ಎಳೆಯಬಾರದು. ಕಾಗದದ ಕೆಳಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ತೂರಿಸಿ, ಪಿನ್ನನ್ನು ಮೆಲ್ಲಗೆ ಅಲುಗಿಸಿ ಬಿಡಿಸಬೇಕು. ಬೂಸಲು ಹಿಡಿದವನ್ನು ಬೇರೆ ಪೆಟ್ಟಿಗೆಗೆ ಹಾಕಬೇಕು, ಇಲ್ಲದಿದ್ದರೆ ಒಂದರಿಂದ ಎಲ್ಲಕ್ಕೂ ಹತ್ತುತ್ತದೆ. ಮನೆಯಲ್ಲಿ ಹಳೇ ಕಾಗದ ಇಟ್ಟುಕೊಂಡವರಿಗೆಲ್ಲ ಈ ಮಾತು ಹೇಳುತ್ತೇನೆ. ಅಂಟುಪಟ್ಟಿ ಹಚ್ಚಿ ರಿಪೇರಿ ಮಾತ್ರ ಮಾಡಬೇಡಿ.

ನಮ್ಮಲ್ಲಿ ಕಿರ್ದಿ, ಖತಾವಣಿ ಎನ್ನುವಂತೆ ಇಲ್ಲಿಯೂ ಎರಡು ಬಗೆ. ದಿನದ ವ್ಯಾಪಾರ ಒಂದರಲ್ಲಿ, ಆಳಿಗೊಂದು ಖಾತೆ ಇನ್ನೊಂದರಲ್ಲಿ. ಹಳೆಯವುಗಳಲ್ಲಿ ಪೂರ್ತಿ ಉಳಿದಿದ್ದದ್ದು 1878ರಿಂದ 1884ರವರೆಗಿನ ಖತಾವಣಿ ಒಂದೇ. ಮೊದಲ ದಿನ ಒಂದು ಸಾಲೂ ಹತ್ತಲಿಲ್ಲ. ಅಕ್ಷರ ಬಳ್ಳಿಯಂತೆ ಒಂದರೊಳಗೊಂದು ಸುತ್ತಿಕೊಂಡಿದೆ. ಸಾಲುಸಾಲಿಗೂ ಡಿ, ಓ ಎಂಬ ಎರಡಕ್ಷರ. ಅದು "ಮೇಲಿನಂತೆಯೇ" ಎಂಬುದರ ಗುರುತು ಎಂದು ತಿಳಿಯುವ ಹೊತ್ತಿಗೆ ಎರಡು ವಾರದ ನಕಲು ಕೆಲಸ ತಪ್ಪಾಗಿತ್ತು, ಎಲ್ಲ ಮೊದಲಿಂದ ಬರೆದೆ. ಪೆನ್ನಿ ಎಂಬ ನಾಣ್ಯಕ್ಕೆ ಡಿ ಅಕ್ಷರ, ಏಕೆಂದರೆ ರೋಮನರ ದಿನಾರಿಯಸ್. ಹಂಡ್ರೆಡ್‌ವೇಟ್ ಎಂದು ಬರೆದರೂ ತೂಕ ನೂರಲ್ಲ, 112 ಪೌಂಡು. ಹನ್ನೆರಡು ಪೆನ್ಸಿಗೆ ಒಂದು ಶಿಲಿಂಗ್, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡ್. ಈ ಮೂರು ಕಂಬದ ಕೂಡಿಕೆ ಮಾತ್ರ ನನಗೆ ಬೇಗ ಒಲಿಯಿತು. ನಮ್ಮಜ್ಜ ರೂಪಾಯಿ, ಆಣೆ, ಪೈ ಎಂದು ಮೂರು ಕಂಬದಲ್ಲಿ ಕೂಡುತ್ತಿದ್ದ ಪುಸ್ತಕಗಳು ಇನ್ನೂ ಮನೆಯಲ್ಲಿವೆ. ನಮ್ಮಲ್ಲಿ ಅದು 1957ರಲ್ಲಿ ಹೋಯಿತು, ಇಲ್ಲಿ 1971ರ ಫೆಬ್ರವರಿ 15ರಂದು. ಆ ಸೋಮವಾರ ತಮ್ಮ ತಂದೆ ಹಳೆಯ ಗಲ್ಲಾಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಗಿರಾಕಿಗಳಿಗೆಲ್ಲ ಕೈಬೆರಳಲ್ಲಿ ಎಣಿಸಿ ತೋರಿಸಿದ್ದನ್ನು ಮಾಲೀಕರು ಈಗಲೂ ಹೇಳುತ್ತಾರೆ.

ಓದುತ್ತ, ಬೇರೆ ಬೇರೆ ಖಾತೆಗಳ ತಾರೀಖುಗಳನ್ನು ಒಟ್ಟು ಸೇರಿಸುತ್ತ ಹೋದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. ನಾಲ್ಕಾರು ದಿನ ಎರಡು ಮೂರು ಬರಹ, ಆಮೇಲೆ ಒಂದು ದಿನ ಇಪ್ಪತ್ತು. ಮತ್ತೆ ಏಳು ದಿನಕ್ಕೆ ಇಪ್ಪತ್ತು. ಹಳೆಯ ಪಂಚಾಂಗ ಹಿಡಿದು ನೋಡಿದರೆ ಎಲ್ಲ ಗುರುವಾರ. ಬ್ಯಾನ್‌ಬರಿಯ ಸಂತೆಯ ದಿನ. ಬ್ಲಾಕ್ಸ್‌ಹ್ಯಾಮ್, ಆಡರ್ಬರಿ, ಡೆಡಿಂಗ್ಟನ್ ಕಡೆಯ ಹಳ್ಳಿಯವರು ಗಾಡಿ ಕಟ್ಟಿಕೊಂಡು ಬರುತ್ತಿದ್ದ ದಿನ. 1881ರ ಸೆಪ್ಟೆಂಬರ್ 29 ಮೈಕಲ್‌ಮಾಸ್ ಹಬ್ಬ, ರೈತರು ಗೇಣಿ ಕೊಡುವ, ಬಾಕಿ ತೀರಿಸುವ ದಿನ. ಆ ವರ್ಷ ಅದೂ ಗುರುವಾರವೇ ಬಿದ್ದಿತ್ತು. ಆ ಒಂದು ದಿನದ ಬರಹಗಳನ್ನು ಕೂಡಿಸಿಕೊಳ್ಳಲು ನನಗೆ ಇಡೀ ಭಾನುವಾರ ಬೇಕಾಯಿತು. ಒಬ್ಬ ರೈತನ ಖಾತೆ ಹೀಗಿದೆ: ಕುದುರೆಲಾಳದ ಮೊಳೆ, ಮೇಲಿನಂತೆಯೇ, ಮೇಲಿನಂತೆಯೇ, ಕುಡುಗೋಲು ಎರಡು, ಲಾಟೀನಿನ ಗಾಜು ಒಂದು, ಬಾಗಿಲ ಕೀಲು ಒಂದು ಜೊತೆ, ಮತ್ತೆ ಲಾಟೀನಿನ ಗಾಜು. ಒಂದು ವರ್ಷದ ಬದುಕು. ಜಮಾ ಕಡೆಯಲ್ಲಿ ಒಂದೇ ಸಾಲು, ಅದು ಮೈಕಲ್‌ಮಾಸಿನದು, ಮತ್ತು ಅದು ಪೂರ್ತಿ ಹಣವಲ್ಲ.

ವಾರಕ್ಕೊಮ್ಮೆ ಅಪ್ಪನಿಗೆ ಫೋನು ಮಾಡಿ ಇದನ್ನೆಲ್ಲ ಹೇಳುತ್ತಿದ್ದೆ. ಸ್ಕ್ರೂ ಡಬ್ಬಿಗಳ ವಿಷಯ ಕೇಳಿ ಅವರಿಗೆ ಬಹಳ ಸಂತೋಷವಾಯಿತು. ಅಟ್ಟದಲ್ಲಿ ನೆಟಲ್‌ಫೋಲ್ಡ್ ಕಂಪನಿಯ ಗ್ರೋಸ್ ಡಬ್ಬಿಗಳಿದ್ದವು, 144ರ ಲೆಕ್ಕದವು. ಮೊದಲೆಲ್ಲ ಮರಕ್ಕೆ ಹಾಕುವ ಸ್ಕ್ರೂವಿಗೆ ಚೂಪು ತುದಿ ಇರುತ್ತಿರಲಿಲ್ಲವಂತೆ, ತೂತು ಕೊರೆದು ಆಮೇಲೆ ತಿರುಗಿಸಬೇಕಿತ್ತು. ಚೂಪು ತುದಿಯ ಸ್ಕ್ರೂ ಮಾಡುವ ಅಮೆರಿಕದ ಯಂತ್ರದ ಹಕ್ಕನ್ನು 1854ರಲ್ಲಿ ನೆಟಲ್‌ಫೋಲ್ಡ್ ಕೊಂಡು ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್‌ನಲ್ಲಿ ಕಾರ್ಖಾನೆ ಹಾಕಿದರು. ಅದರ ಲೆಕ್ಕಪತ್ರ ನೋಡಲು ಹೋದ ಹುಡುಗ ಜೋಸೆಫ್ ಚೇಂಬರ್‌ಲೇನ್ ಮುಂದೆ ಬ್ರಿಟನ್ನಿನ ದೊಡ್ಡ ರಾಜಕಾರಣಿಯಾದರು. 1902ರಲ್ಲಿ ಆ ಕಂಪನಿ ಗೆಸ್ಟ್, ಕೀನ್ ಎಂಬ ಕಂಪನಿಯ ಜೊತೆ ಸೇರಿತು. ಅಪ್ಪನ ಅಂಗಡಿಯಲ್ಲಿ ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ ಜಿಕೆಡಬ್ಲ್ಯೂ, ಅಂದರೆ ಗೆಸ್ಟ್ ಕೀನ್ ವಿಲಿಯಮ್ಸ್, ಅದೇ ಬಳ್ಳಿಯ ಕುಡಿ.

ಉದ್ರಿಯ ಮಾತು ಬಂದಾಗ ಅಪ್ಪ ಕೇಳಿದ್ದು ಒಂದೇ. "ಹಿಂದ್ಲ ಹಾಳೆ ನೋಡಿಯೇನವ್ವಾ?"

ನೋಡಿರಲಿಲ್ಲ. ಮುಂದಿನಿಂದ ಓದುತ್ತಿದ್ದೆ.

"ವಸೂಲಾಗದ ಬಾಕಿನೆಲ್ಲ ಕೊನೇ ಹಾಳೇಲಿ ಬರ್ದಿರ್ತಾರೆ. ನಾವೂ ಹಂಗೇ ಮಾಡ್ತಿದ್ವಿ. ಪುಸ್ತಕ ತಿರುವಿ ಹಾಕಿ ನೋಡು."

ತಿರುವಿ ಹಾಕಿದೆ. ಖಾಲಿ ಹಾಳೆಗಳೆಂದು ನಾನು ಬಿಟ್ಟಿದ್ದ ಕಡೆ, ಪುಸ್ತಕವನ್ನು ತಲೆಕೆಳಗು ಮಾಡಿ ಬರೆದ ಒಂಬತ್ತು ಪುಟಗಳಿದ್ದವು. ಹೆಸರು, ಊರು, ಮೊತ್ತ, ಮತ್ತು ಒಂದೆರಡು ಮಾತು. ಊರು ಬಿಟ್ಟ. ತೀರಿಕೊಂಡ. ಅಮೆರಿಕ. ದಿವಾಳಿ. ಹೆಚ್ಚಿನವು 1879ರ ಕೊನೆಯಿಂದ ಮುಂದಿನವು. ಆ ವರ್ಷ ಇಂಗ್ಲೆಂಡಿನಲ್ಲಿ ಮಳೆ ಬಿಡದೆ ಸುರಿದು ಬೆಳೆ ಹೊಲದಲ್ಲೇ ಕೊಳೆಯಿತು, ಶತಮಾನದ ಅತಿ ಕೆಟ್ಟ ಸುಗ್ಗಿಗಳಲ್ಲಿ ಅದೊಂದು. ಬೆಳೆ ಕಡಿಮೆಯಾದರೆ ದರವಾದರೂ ಏರಬೇಕಿತ್ತು. ಏರಲಿಲ್ಲ, ಹಡಗುಗಳಲ್ಲಿ ಅಮೆರಿಕದ ಅಗ್ಗದ ಗೋಧಿ ಬಂದು ಬೀಳುತ್ತಿತ್ತು. ಇತಿಹಾಸದಲ್ಲಿ ಇದನ್ನು ಕೃಷಿ ಕುಸಿತ ಎಂದು ಓದುತ್ತೇವೆ. ಇಲ್ಲಿ ಅದು ಕೊಡಲಿ, ಮೊಳೆ, ಲಾಟೀನಿನ ಬಾಕಿಯಾಗಿ ಕೂತಿತ್ತು.

ಕೆಲವು ಹೆಸರುಗಳ ಮೇಲೆ ರೂಲುಕಡ್ಡಿ ಇಟ್ಟು ಗೆರೆ ಎಳೆದು, ಪಕ್ಕದಲ್ಲಿ "ಇನ್ನು ಕೇಳಕೂಡದು" ಎಂದು ಬರೆದಿದೆ. ಒಬ್ಬ ಹಳ್ಳಿಯ ಕಮ್ಮಾರನ ಹನ್ನೊಂದು ಪೌಂಡು ಹೀಗೆ ಬಿಟ್ಟಿದ್ದಾರೆ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಮುಂದಿನ ವರ್ಷದ ಖಾತೆಗಳಲ್ಲಿ ಹುಡುಕಿದರೆ ಅವನು ಮತ್ತೆ ಅದೇ ಅಂಗಡಿಯಲ್ಲಿ ಪಟ್ಟಿ ಕಬ್ಬಿಣ ಕೊಂಡಿದ್ದಾನೆ. ಪ್ರತಿ ಸಾಲಿನ ಎದುರೂ "ನಗದು". ಅಕ್ಷರ ಎಲ್ಲ ಒಂದೇ ಕೈಯದು. 1841ರ ಗಣತಿಯ ಆ ಅಪ್ರೆಂಟಿಸ್ ಹುಡುಗನದು, ಈಗ ಐವತ್ತು ದಾಟಿದವನದು. ನಾನು ಈ ಮನೆತನವನ್ನು ಹತ್ತಿರದಿಂದ ಕಂಡದ್ದು ಆ ಒಂಬತ್ತು ಪುಟಗಳಲ್ಲಿ. ಬೇರೆ ಯಾವ ಕಾಗದವೂ ನನಗೆ ಅಷ್ಟು ಕೊಡಲಿಲ್ಲ.

ಮುಂದಿನ ತಲೆಮಾರುಗಳನ್ನು ಹಿಡಿಯುವುದು ಸುಲಭವಾಯಿತು. 1921ರ ಗಣತಿ 2022ರ ಜನವರಿಯಲ್ಲಿ ತೆರೆದಿತ್ತು. 1931ರದು ಬೆಂಕಿಗೆ ಹೋಗಿದೆ, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ಆಗಲಿಲ್ಲ. ನಡುವಿನ ಕಂದಕಕ್ಕೆ ಇರುವ ಒಂದೇ ಸೇತುವೆ, ಯುದ್ಧದ ಆರಂಭದಲ್ಲಿ ಮನೆಮನೆಯವರ ಹೆಸರು ಬರೆದುಕೊಂಡ 1939ರ ರಿಜಿಸ್ಟರು. ಆಮೇಲಿನದು ಮಾಲೀಕರ ನೆನಪಿನಲ್ಲೇ ಇತ್ತು. ಅಂಗಡಿ ಏಕೆ ಸೊರಗಿತೆಂದು ಕೇಳಿದರೆ ಅವರು ಒಂದೇ ಕಾರಣ ಹೇಳುವುದಿಲ್ಲ. ಮೊದಲು ಮಾಲಿನ ದರವನ್ನು ತಯಾರಕರೇ ಗೊತ್ತು ಮಾಡುತ್ತಿದ್ದರು, ದೊಡ್ಡ ಅಂಗಡಿ ಸಣ್ಣ ಅಂಗಡಿ ಎಲ್ಲ ಕಡೆ ಒಂದೇ. 1964ರ ಕಾನೂನು ಅದನ್ನು ತೆಗೆಯಿತು. 1969ರಲ್ಲಿ ಸೌತಾಂಪ್ಟನ್ನಿನಲ್ಲಿ ಮನೆ ರಿಪೇರಿಯ ಸಾಮಾನು ಮಾರುವ ಬಿ ಅಂಡ್ ಕ್ಯೂ ಕಂಪನಿ ಮೊದಲ ಮಳಿಗೆ ತೆರೆಯಿತು, ಆಮೇಲೆ ಊರಾಚೆಯ ದೊಡ್ಡ ಮಳಿಗೆಗಳ ಕಾಲ. ಆದರೆ ಅವರ ಮಟ್ಟಿಗೆ ನಿಜವಾದ ಪೆಟ್ಟು 1998ರದು. ಯೂರೋಪಿನಲ್ಲೇ ದೊಡ್ಡದೆಂದು ಹೆಸರಾಗಿದ್ದ ಬ್ಯಾನ್‌ಬರಿಯ ದನದ ಸಂತೆ ಆ ವರ್ಷ ಮುಚ್ಚಿತು. "ದನ ಬರುವುದು ನಿಂತ ಮೇಲೆ ರೈತನೂ ಬರಲಿಲ್ಲ. ರೈತ ಬರದಿದ್ದರೆ ನನ್ನ ತಂತಿ, ಬೇಲಿಯ ಮೊಳೆ ಯಾರಿಗೆ?" ಎಂದರು. ಖತಾವಣಿಯ ಗುರುವಾರಗಳನ್ನು ಎಣಿಸಿದ್ದ ನನಗೆ ಆ ಮಾತು ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೊನೆಗೆ ಕಾಗದಗಳನ್ನು ಒಪ್ಪಿಸುವ ಕೆಲಸ. ಜಿಲ್ಲೆಯ ದಾಖಲೆಗಳಿರುವುದು ಆಕ್ಸ್‌ಫರ್ಡಿನ ಕೌಲಿಯಲ್ಲಿ, ಹಿಂದೆ ಸೇಂಟ್ ಲ್ಯೂಕ್ ಚರ್ಚಾಗಿದ್ದ ಕಟ್ಟಡದ ಆಕ್ಸ್‌ಫರ್ಡ್‌ಶೈರ್ ಹಿಸ್ಟರಿ ಸೆಂಟರಿನಲ್ಲಿ. ಮೊದಲು ಪಟ್ಟಿ ಕಳಿಸಿದೆ: ಯಾವ ಪುಸ್ತಕ, ಯಾವ ವರ್ಷದಿಂದ ಯಾವ ವರ್ಷಕ್ಕೆ, ಯಾವ ಸ್ಥಿತಿಯಲ್ಲಿದೆ. ದಾನವೋ, ಇಡುಗಂಟೋ ಎಂಬುದನ್ನೂ ಮೊದಲೇ ತೀರ್ಮಾನಿಸಬೇಕು. ಇಡುಗಂಟಾದರೆ ಒಡೆತನ ಮನೆಯವರದೇ, ಕಾಪಾಡುವುದು ಮಾತ್ರ ಸೆಂಟರಿನವರು. ಮಾಲೀಕರು ದಾನ ಎಂದರು.

ಒಂದು ಮಾತು ಮಾತ್ರ ಅವರನ್ನು ಕಾಡುತ್ತಿತ್ತು. 1880ರ ಹೆಸರುಗಳನ್ನು ಯಾರಾದರೂ ಓದಲಿ. ಆದರೆ ಪೆಟ್ಟಿಗೆಗಳಲ್ಲಿ ಅವರ ತಂದೆಯ ಕಾಲದ, ಅವರ ಕಾಲದ ಉದ್ರಿ ಪುಸ್ತಕಗಳೂ ಇದ್ದವು. ಅವುಗಳಲ್ಲಿ ಇದ್ದವರು, ಇಲ್ಲವೇ ಅವರ ಮಕ್ಕಳು, ಇವತ್ತೂ ಈ ಬೀದಿಯಲ್ಲಿ ಓಡಾಡುತ್ತಾರೆ. ಉದ್ರಿ ಪುಸ್ತಕ ಬೇರೆಯವರ ಕಣ್ಣಿಗೆ ಬೀಳಬಾರದೆಂದು ನಮ್ಮಪ್ಪ ಗಲ್ಲಾದ ಕೆಳಗೆ ಬೀಗ ಹಾಕಿ ಇಡುತ್ತಿದ್ದರು. ಈ ಅಂಗಡಿಯಲ್ಲೂ ಅದೇ ರೂಢಿ. ಕೌಲಿಯಲ್ಲಿ ಕೇಳಿದೆವು. ಬದುಕಿರುವವರ ವಿಷಯವಿರುವ ಪುಸ್ತಕಗಳನ್ನು ಇಷ್ಟು ವರ್ಷ ಯಾರಿಗೂ ತೆರೆಯದಂತೆ ಇಡಬಹುದು ಎಂದರು. ಅಲ್ಲಿಯೇ ಕೂತು, ಒಂದೊಂದು ಪುಸ್ತಕದ ಎದುರೂ ತೆರೆಯುವ ವರ್ಷ ಬರೆದೆವು. ಅಲ್ಲಿ ಶಾಯಿಗೆ ಅವಕಾಶವಿಲ್ಲ, ಪೆನ್ಸಿಲ್ ಮಾತ್ರ. ಕೆಲವು ವರ್ಷಗಳು ಎಷ್ಟು ಮುಂದಿವೆಯೆಂದರೆ ನನ್ನ ಮಗಳಿಗೂ ಆಗ ಮುಪ್ಪು.

ಕೊನೆಯ ಹಾಳೆಯಲ್ಲಿ ಸಂಗ್ರಹಕ್ಕೆ ಏನು ಹೆಸರು ಎಂದು ಒಂದು ಸಾಲಿತ್ತು. ಮನೆತನದ ಹೆಸರನ್ನು ಬರೆಯಲು ನಾನು ಪೆನ್ಸಿಲ್ ಊರಿದೆ. ಮಾಲೀಕರು ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಮೊದಲು ಆ ಹಳೆಯ ಯಜಮಾನರ ಹೆಸರು ಬರೆದರು. ಅದರ ಕೆಳಗೆ ತಮ್ಮ ಮನೆತನದ್ದು. ಅದರ ಕೆಳಗೆ, ಫಲಕದಲ್ಲಿದ್ದಂತೆಯೇ, 1839.